ಪ್ಲಗ್ಗು ನನ್ನ ಕೈಯಲ್ಲಿ

"ಮಿಷಿನ್ ನಿಂತಿದೆ, ಕೈ ಹಾಕಿ ತೆಗಿ" ಎಂದು ಸೂಪರ್‌ವೈಸರ್ ಹೇಳಿದ. ಪಾತ್ರೆ ತೊಳೆಯುವಾಕೆ ಕೈ ಹಾಕಿದಳು. ಅವಳ ಕೈ ಒಳಗಿರುವಾಗಲೇ ಅವನು ಬಗ್ಗಿ, ಸಿಂಕಿನ ಕೆಳಗಿದ್ದ ಕೆಂಪು ಗುಂಡಿ ಒತ್ತಿದ. ಅವಳ ಬಲಗೈಯ ಎರಡು ಬೆರಳಿನ ತುದಿಗಳು ಹೋದವು. ಮರುದಿನ ಸಿಂಕಿನ ಮೇಲಿನ ಗೋಡೆಗೆ ಒಂದು ಬೋರ್ಡು ಬಂತು: "ಅಜಾಗರೂಕತೆಯೇ ಅಪಘಾತಕ್ಕೆ ಕಾರಣ."

ಇದು ನಡೆದದ್ದು ಒಂದು ದೊಡ್ಡ ಕಚೇರಿ ಕಟ್ಟಡದ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ. ಮೇಲಿನ ಮಹಡಿಗಳಲ್ಲಿ ಉಂಡವರ ತಟ್ಟೆಗಳೆಲ್ಲ ಇಳಿದು ಬರುತ್ತಿದ್ದುದು ಇಲ್ಲಿನ ಸಿಂಕಿಗೆ. ಸಿಂಕಿನ ತೂತಿನ ಕೆಳಗೆ ಒಂದು ಯಂತ್ರ ಕೂರಿಸಿದ್ದರು. ಎಂಜಲನ್ನು ಅರೆದು ನೀರಿನ ಜೊತೆ ಪೈಪಿಗೆ ತಳ್ಳುವುದು ಅದರ ಕೆಲಸ. ತೊಳೆಯುವ ಹೆಂಗಸರು ಅದನ್ನು ಹೊಟ್ಟೆಬಾಕ ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ "ಬೇಗ, ಬೇಗ" ಎನ್ನುತ್ತ ಬೆನ್ನ ಹಿಂದೆ ಓಡಾಡುವ ಸೂಪರ್‌ವೈಸರನಿಗೆ ಬೇಗಬೇಗ ಎಂದೇ ಹೆಸರಿಟ್ಟಿದ್ದರು. ಎರಡು ಹೆಸರೂ ಚೆನ್ನಾಗಿ ಒಪ್ಪಿದ್ದವು.

ಹೊಟ್ಟೆಬಾಕನ ಸ್ವಿಚ್ಚು ಸಿಂಕಿನ ಹತ್ತಿರ ಇರಲಿಲ್ಲ. ಗೋಡೆಯ ಆಚೆ, ಊಟ ಬಡಿಸುವ ಕೌಂಟರಿನಲ್ಲಿತ್ತು. ಅಲ್ಲಿ ಯಾಕೆ ಇಟ್ಟರು ಎಂದು ಕೇಳಿದವರಿಲ್ಲ. ಸಿಂಕಿನ ಮುಂದೆ ನಿಂತಾಕೆ ಸೌಟಿನಿಂದ ಗೋಡೆಗೆ ಒಂದು ಸಲ ಬಡಿದರೆ ಕೌಂಟರಿನವನು ಸ್ವಿಚ್ ಹಾಕಬೇಕು. ಎರಡು ಸಲ ಬಡಿದರೆ ಆರಿಸಬೇಕು. ಹೆಂಗಸರ ಕೈಗೆ ಸೌಟು ಕೊಟ್ಟಿದ್ದರು, ಸ್ವಿಚ್ಚು ಕೊಟ್ಟಿರಲಿಲ್ಲ.

ಆ ದಿನವೂ ಅವಳು ಎರಡು ಸಲ ಬಡಿದಿದ್ದಳು. ಆದರೆ ಅಷ್ಟರಲ್ಲಿ ಯಂತ್ರ ಏನನ್ನೋ ಕಚ್ಚಿಕೊಂಡು, ಗುರ್ ಎಂದು ಗೊರಗುಟ್ಟಿ, ತಾನಾಗಿಯೇ ಸುಮ್ಮನಾಗಿತ್ತು. ಸದ್ದು ಅಡಗಿದ್ದನ್ನು ಕೇಳಿದ ಕೌಂಟರಿನವನು, ಹೇಗೂ ನಿಂತಿದೆಯಲ್ಲ ಎಂದುಕೊಂಡು ಸ್ವಿಚ್ಚಿನ ಕಡೆ ಕೈ ಚಾಚಲಿಲ್ಲ. ಅವನ ಮುಂದೆ ತಟ್ಟೆ ಹಿಡಿದವರ ಸಾಲಿತ್ತು.

ಗಾಯ ಮಾಗಿತು. ಬೆರಳು ಮರಳಿ ಬರಲಿಲ್ಲ.

ಅವಳನ್ನು ಅಕ್ಕ ಎಂದು ಕರೆಯೋಣ, ಏಕೆಂದರೆ ಇದು ಅವಳ ತಂಗಿಯ ಕಥೆಯೂ ಹೌದು. ಅಕ್ಕ ಈಗ ಮನೆಯಲ್ಲೇ ಇದ್ದಳು. ಚಿಟಿಕೆ ಉಪ್ಪು ಹಿಡಿಯಲು ಹೋದರೆ ಜಾರುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿಯೇ ಬೀಳುತ್ತಿತ್ತು. ಅದೆಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದುದು ಅಮ್ಮನ ಮಾತು.

"ಕಣ್ಣು ಎಲ್ಲಿಟ್ಟಿದ್ಯೇ ಆವತ್ತು?" ಅಮ್ಮ ಬಟ್ಟೆ ಮಡಚುವಾಗ, ನೀರು ತುಂಬುವಾಗ, ಊಟಕ್ಕೆ ಕೂತಾಗ ಕೇಳುತ್ತಿದ್ದಳು. "ಒಂದು ಗಳಿಗೆ ನೋಡ್ಕೊಂಡು ಕೈ ಹಾಕಬಾರದಾಗಿತ್ತಾ?"

ಅಕ್ಕ ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂರುತ್ತಿದ್ದಳು.

ಹೀಗಿರುವಾಗ ಕ್ಯಾಂಟೀನಿನಿಂದ ಹೇಳಿಕಳಿಸಿದರು. ಅಕ್ಕನ ಜಾಗಕ್ಕೆ ತಂಗಿ ಬರಲಿ, ಸೋಮವಾರದಿಂದ. ತಂಗಿ ಅಲ್ಲಿಯವರೆಗೆ ಒಂದು ಬೇಕರಿಯಲ್ಲಿ ಬ್ರೆಡ್ ಕಟ್ಟುತ್ತಿದ್ದವಳು. ಬೇಕರಿ ಬಾಗಿಲು ಹಾಕಿತ್ತು. ಮನೆಗೆ ಬರುತ್ತಿದ್ದ ಎರಡು ದುಡಿಮೆಯೂ ನಿಂತು, ಅಮ್ಮ ಡಬ್ಬಿಗಳ ತಳ ಕೆರೆಯುತ್ತಿದ್ದ ಹೊತ್ತು ಅದು.

"ದೊಡ್ಡ ಮನಸ್ಸು ಅವರದ್ದು" ಎಂದಳು ಅಮ್ಮ. ಮಿಕ್ಸಿಯಲ್ಲಿ ಒಣಮೆಣಸಿನಕಾಯಿ ಪುಡಿ ಮಾಡುತ್ತಿದ್ದವಳ ದನಿಯಲ್ಲೇ ನಗು ಇತ್ತು. "ಬೇರೆ ಯಾರನ್ನಾದ್ರೂ ಕರೀಬಹುದಿತ್ತು. ನಮ್ಮನ್ನ ಮರೀಲಿಲ್ಲ ನೋಡು."

"ಹೊಟ್ಟೆಬಾಕನಿಗೆ ನಮ್ಮ ಮನೆ ರುಚಿ ಹತ್ತಿದೆ ಅನ್ಸತ್ತೆ" ಎಂದಳು ತಂಗಿ. ಅವಳಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

"ನಾಲಿಗೆ ಉದ್ದ ಆದ್ರೆ ಕೆಲಸ ಗಿಡ್ಡ ಆಗತ್ತೆ. ಬಾಯಿ ಮುಚ್ಕೊಂಡು ಹೇಳಿದ್ದು ಮಾಡು. ನೋಡ್ಕೊಂಡು ಮಾಡು, ಇವಳ ಥರ ಅಲ್ಲ. ಕೈ ಕೆಸರಾದ್ರೆ ಬಾಯಿ ಮೊಸರು."

ಮೂಲೆಯಲ್ಲಿದ್ದ ಅಕ್ಕ ಬಹಳ ದಿನದ ಮೇಲೆ ಬಾಯಿ ಬಿಟ್ಟಳು. "ಕೆಸರಾದ್ರೆ ತೊಳ್ಕೋಬಹುದಮ್ಮ. ಕೈಯೇ ಹೋದ್ರೆ ಏನನ್ನ ತೊಳೀಲಿ?"

ಅದೇ ಹೊತ್ತಿಗೆ ಮಿಕ್ಸಿ ಗುಂಯ್ ಎಂದು ಉಸಿರು ಕಟ್ಟಿಕೊಂಡು ನಿಂತಿತು. ಅಮ್ಮ ಅದನ್ನು ಹಾಗೇ ಬಿಟ್ಟು ಸೊಂಟಕ್ಕೆ ಕೈ ಕೊಟ್ಟು ಜಗಳಕ್ಕೆ ತಿರುಗುವಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಅತ್ತೆ ಕಾಣಿಸಿಕೊಂಡಳು.

ಈ ಅತ್ತೆಗೆ ಬೀದಿಯಲ್ಲೆಲ್ಲ ವೈಂಡಿಂಗ್ ಅತ್ತೆ ಎಂದೇ ಹೆಸರು. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ಅವಳ ಕಸುಬು. ಮನೆಯ ಮುಂಗೋಣೆಯೇ ಅಂಗಡಿ. ಉಗುರಿನ ಸಂದಿಯಲ್ಲಿ ಸದಾ ವಾರ್ನಿಶ್, ಕಿವಿಯ ಹಿಂದೆ ಟೆಸ್ಟರ್. ನಾಚಿಕೆ, ಸಂಕೋಚ ಅವಳ ಹತ್ತಿರ ಸುಳಿದಿರಲಿಲ್ಲ.

"ಗೋಡೆ ತೆಳ್ಳಗಿದೆ ಅತ್ತಿಗೆ, ಕಿವಿ ಕೊಡೋದೇ ಬೇಡ, ತಾನಾಗೇ ಬೀಳತ್ತೆ" ಎನ್ನುತ್ತ ಒಳಗೆ ಬಂದು ಮಣೆ ಎಳೆದುಕೊಂಡು ಕೂತಳು. "ಸೋಮವಾರ ಹೋಗೋಳು ಇವಳಾ? ಬಾರೇ ಇಲ್ಲಿ. ಆ ಮಿಷಿನ್ನಿನ ಪ್ಲಗ್ಗು ಎಲ್ಲಿದೆ?"

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ತಲೆಯಾಡಿಸಿದಳು. "ಪ್ಲಗ್ಗಾ? ಗೊತ್ತಿಲ್ಲ ಅತ್ತೆ. ನಮಗೆ ಗೊತ್ತಿರೋದು ಸೌಟು ಬಡಿಯೋದು."

"ಅಂದ್ರೆ ಹುಲಿ ಬಾಯಲ್ಲಿ ಕೈ ಇಡೋರು ನೀವು. ಹಗ್ಗ ಹಿಡ್ಕೊಂಡೋನು ಗೋಡೆ ಆಚೆ."

"ಹೆದರಿಸ್ಬೇಡ ಮಾರಾಯ್ತಿ" ಎಂದಳು ಅಮ್ಮ. "ಓಡ್ತಿದ್ದ ಮಿಷಿನ್ನಿಗೆ ಕೈ ಹಾಕಿದ್ರೆ ಸರಿ, ತಪ್ಪು ಅನ್ನಬಹುದು. ನಿಂತಿರೋದಕ್ಕೆ ಯಾಕೆ ಅಷ್ಟು ಭಯ? ಇವಳು ಏನೋ ಅವಸರದಲ್ಲಿ ಮಾಡ್ಕೊಂಡಿದ್ದಾಳೆ. ಸೂಪರ್‌ವೈಸರ್ರೂ ಅದನ್ನೇ ಹೇಳಿದ್ದು. ಬೋರ್ಡೂ ಹಾಕಿದ್ದಾರಂತಲ್ಲ."

"ಬೋರ್ಡು ಹಾಕೋಕೆ ಒಂದು ಮೊಳೆ ಸಾಕು. ಸ್ವಿಚ್ ಬದಲಾಯಿಸೋಕೆ ಒಬ್ಬ ಮನುಷ್ಯ ಬೇಕಲ್ಲ" ಎಂದಳು ಅತ್ತೆ.

"ನಿನ್ನ ಹತ್ತಿರ ಮಾತಲ್ಲಿ ಗೆಲ್ಲೋಕಾಗತ್ತಾ?" ಅಮ್ಮ ಮಿಕ್ಸಿಯ ಕಡೆ ತಿರುಗಿದಳು. ಮಾತು ನಡೆಯುತ್ತ ಹೊತ್ತಾಗಿತ್ತು, ಅದು ಬೆಚ್ಚಗೆ ಸುಮ್ಮನೆ ಕೂತಿತ್ತು. ಅಮ್ಮ ಮುಚ್ಚಳ ತೆಗೆದಳು. ತಳದಲ್ಲಿ ಮೆಣಸಿನಕಾಯಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ತೋರುಬೆರಳು ಹಾಕಿ ಕೆದಕಿ ಸಡಿಲ ಮಾಡಿದಳು. ಬೆರಳನ್ನು ಹೊರಗೆಳೆದು ಬಟ್ಟೆಗೆ ಒರೆಸಿದಳು. ಆಮೇಲೆ, ಎಷ್ಟೋ ವರ್ಷದಿಂದ ಮಾಡುತ್ತಿರುವ ಹಾಗೆ, ಮಿಕ್ಸಿಯನ್ನು ಸ್ವಲ್ಪ ವಾಲಿಸಿ ಅದರ ತಳದ ಪುಟ್ಟ ಕೆಂಪು ಗುಂಡಿಯನ್ನು ಒತ್ತಿದಳು.

ಮಿಕ್ಸಿಯ ಎದುರಿನ ಸ್ವಿಚ್ಚಿನ ತಿರುಗಣೆ ಇನ್ನೂ ಒಂದರ ಮೇಲೇ ಇತ್ತು, ಅದನ್ನು ಸೊನ್ನೆಗೆ ತಿರುಗಿಸಿರಲಿಲ್ಲ.

ಮಿಕ್ಸಿ ಬೊಬ್ಬೆ ಹೊಡೆಯಿತು. ತೆರೆದ ಜಾಡಿಯಿಂದ ಕೆಂಪು ಪುಡಿ ಕಾರಂಜಿಯಂತೆ ಚಿಮ್ಮಿ ತೊಲೆಗೆ, ಕಿಟಕಿಗೆ, ನಾಲ್ವರ ತಲೆಗೆ ಬಿತ್ತು. ಅತ್ತೆ ಕೂತಲ್ಲಿಂದಲೇ ಹಾರಿ ಪ್ಲಗ್ಗು ಕಿತ್ತಳು. ಆಮೇಲೆ ಬಹಳ ಹೊತ್ತು ಆ ಮನೆಯಲ್ಲಿ ಸೀನುವುದು, ಕೆಮ್ಮುವುದು, ಕಣ್ಣು ತೊಳೆಯುವುದು ಬಿಟ್ಟು ಬೇರೆ ಏನೂ ನಡೆಯಲಿಲ್ಲ. ಮೊದಲು ನಕ್ಕವಳು ಅಕ್ಕ. ನಗು ತಡೆಯಲು ಬಾಯಿಗೆ ಬಲಗೈ ಅಡ್ಡ ಹಿಡಿದಿದ್ದಳು. ಆ ಕೈಯನ್ನು ಅವಳು ಬೆಳಕಿಗೆ ತಂದು ಎಷ್ಟೋ ದಿನವಾಗಿತ್ತು.

"ನಿಂತಿತ್ತಲ್ಲೇ ಅದು!" ಅಮ್ಮ ಕಣ್ಣು ಉಜ್ಜುತ್ತ ಕೂಗಿದಳು. "ನಿಂತಿತ್ತು!"

"ನಿಂತಿತ್ತು ಅತ್ತಿಗೆ. ಆರಿರಲಿಲ್ಲ" ಎಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಎರಡೂ ಬೇರೆ ಬೇರೆ. ಮೋಟಾರಿಗೆ ಭಾರ ಹೆಚ್ಚಾದ್ರೆ ಸುಟ್ಟು ಹೋಗದೆ ಇರಲಿ ಅಂತ ತಾನೇ ಕೈಕಾಲು ಬಿಟ್ಟು ಮಲಗತ್ತೆ. ಸ್ವಿಚ್ ಹಾಕೇ ಇರತ್ತೆ. ಕೆಂಪು ಗುಂಡಿ ಒತ್ತಿದ ತಕ್ಷಣ ಎದ್ದು ಕೂರತ್ತೆ. ಆ ಸಿಂಕಿನ ಮಿಷಿನ್ನಿಗೂ ಇದೇ ಗುಂಡಿ, ಇದೇ ಬುದ್ಧಿ." ಆಮೇಲೆ ಮೆಲ್ಲಗೆ ಕೇಳಿದಳು: "ನಿನ್ನ ಬೆರಳು ಈಗತಾನೆ ಎಲ್ಲಿತ್ತು, ಅತ್ತಿಗೆ?"

ಅಮ್ಮ ತನ್ನ ತೋರುಬೆರಳನ್ನು ನೋಡಿಕೊಂಡಳು. ಉಗುರಿನವರೆಗೆ ಕೆಂಪಾಗಿತ್ತು, ಬರೀ ಮೆಣಸಿನ ಕೆಂಪು. ಆ ಬೆರಳು ಒಳಗಿದ್ದಾಗ ಬೇರೆ ಯಾರಾದರೂ ಬಗ್ಗಿ ಗುಂಡಿ ಒತ್ತಿದ್ದರೆ? ಅಮ್ಮ ಹೋಗಿ ಅಕ್ಕನ ಪಕ್ಕದಲ್ಲೇ ಕೂತಳು. ಅಪಘಾತವಾದ ಮೇಲೆ ಮೊದಲ ಸಲ ಅವಳ ಬಲಗೈಯನ್ನು ಎಳೆದು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿನ್ನ ಕಣ್ಣು ಸರಿಯಾಗೇ ಇತ್ತು ಕಂದಾ" ಎಂದಳು. "ಅವರು ಗೋಡೆಗೆ ಹಾಕಿದ ಬೋರ್ಡನ್ನ ನಾನು ಬಾಯಲ್ಲಿ ಹಾಕ್ಕೊಂಡು ಮನೆಯೆಲ್ಲ ಓಡಾಡಿದೆ."

ಕಣ್ಣಲ್ಲಿ ನೀರು ಬಂದಿತ್ತು. ಮೆಣಸಿನ ಪುಡಿ ಇದ್ದುದು ಒಳ್ಳೆಯದೇ ಆಯಿತು, ಯಾರೂ ಕಾರಣ ಕೇಳಲಿಲ್ಲ.

ಸೋಮವಾರಕ್ಕೆ ಮುಂಚಿನ ಭಾನುವಾರ ಆ ಮನೆ ಒಂದು ಪಾಠಶಾಲೆಯಾಯಿತು. ಅತ್ತೆ ಮೋಟಾರಿನ ಹೊಟ್ಟೆ ಬಲ್ಲವಳು, ಅಕ್ಕ ಹೊಟ್ಟೆಬಾಕನ ಬಾಯಿ ಬಲ್ಲವಳು. ಇಬ್ಬರೂ ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತ ಹೇಳಿದರು. ಅಮ್ಮ ಮಧ್ಯೆ ಮಧ್ಯೆ ಅಡ್ಡ ಪ್ರಶ್ನೆ ಹಾಕಿದಳು. ತಂಗಿ ಕೇಳುತ್ತ ಕೂತಳು.

"ಒಳಗೆ ಚಾಕು ಇಲ್ಲ" ಎಂದು ಶುರು ಮಾಡಿದಳು ಅತ್ತೆ. "ಎಲ್ರೂ ಚಾಕು ಅಂದ್ಕೋತಾರೆ. ತಿರುಗೋ ತಟ್ಟೆ ಒಂದು, ಅದರ ಮೇಲೆ ಅಲ್ಲಾಡೋ ಕಬ್ಬಿಣದ ತುಂಡು. ತಟ್ಟೆ ತಿರುಗಿದಾಗ ಆ ತುಂಡು ಎಂಜಲನ್ನ ಸುತ್ತಿನ ಗೋಡೆಗೆ ಚಚ್ಚಿ ತುರೀತದೆ. ಕತ್ತರಿಸಲ್ಲ, ಜಜ್ಜತ್ತೆ."

"ಗೊತ್ತು" ಎಂದಳು ಅಕ್ಕ.

"ಗೊತ್ತಿರತ್ತೆ ಬಿಡು" ಎಂದು ಅತ್ತೆ ದನಿ ತಗ್ಗಿಸಿ ಮುಂದುವರಿಸಿದಳು. "ಅದಕ್ಕೇ ನಾರು ಅದಕ್ಕೆ ಆಗಲ್ಲ. ಜೋಳದ ಸಿಪ್ಪೆ, ಈರುಳ್ಳಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಇವೆಲ್ಲ ಜಜ್ಜಿದಷ್ಟೂ ದಾರ ಆಗಿ ಸುತ್ಕೊಳ್ಳತ್ತೆ. ದೊಡ್ಡ ಮೂಳೆ, ಹಣ್ಣಿನ ಗೊರಟ ಹಾಕಲೇಬಾರ್ದು."

"ಅಲ್ಲಿ ಎಲ್ಲಾನೂ ಹಾಕಿಸ್ತಾರೆ" ಎಂದಳು ಅಕ್ಕ. "ಉಳಿದ ಅನ್ನ ಪಾತ್ರೆಗಟ್ಟಲೆ. ಕಲಸಿದ ಹಿಟ್ಟು. ಬಾಣಲೆ ಎಣ್ಣೆ. ಕಸದ ಬುಟ್ಟಿ ಹೊರಗೆ ಒಯ್ಯೋಕೆ ಹೊತ್ತು ಹಿಡಿಯತ್ತೆ, ಸಿಂಕಿಗೆ ತಳ್ಳು, ಬೇಗ ಬೇಗ ಅಂತಾನೆ."

"ಅನ್ನ ಮೆತ್ತಗಿರತ್ತಲ್ಲ, ಅದೇನು ಮಾಡತ್ತೆ?" ಇದು ಅಮ್ಮ.

"ಮಿಷಿನ್ನಿಗೆ ಏನೂ ಮಾಡಲ್ಲ. ಪೈಪಿನಲ್ಲಿ ಊದ್ಕೊಂಡು ಅಂಟಾಗಿ ಕೂರತ್ತೆ. ತಟ್ಟೆಗಂಟಿದ ಒಂದೆರಡು ತುತ್ತು ಹೋಗ್ಲಿ, ಪಾತ್ರೆ ಬೇಡ. ಎಣ್ಣೆಯಂತೂ ಬೇಡವೇ ಬೇಡ."

"ಎಣ್ಣೆಗೆ ಬಿಸಿನೀರು ಬಿಟ್ರೆ ಜಿಡ್ಡು ಹೋಗತ್ತೆ. ಅಷ್ಟು ನನಗೂ ಗೊತ್ತು."

"ಎಲ್ಲಿಂದ ಹೋಗತ್ತೆ ಅತ್ತಿಗೆ? ನಿನ್ನ ಕಣ್ಣೆದುರಿನಿಂದ ಹೋಗತ್ತೆ. ಬಿಸಿನೀರಲ್ಲಿ ಕರಗಿ ಮುಂದೆ ಹರೀತದೆ, ಮುಂದೆ ಪೈಪು ತಣ್ಣಗಿದ್ದಲ್ಲಿ ಮತ್ತೆ ಗಟ್ಟಿಯಾಗಿ ಕಚ್ಕೊಳ್ಳತ್ತೆ. ಅದಕ್ಕೇ ಮಿಷಿನ್ ಓಡೋವಾಗ ತಣ್ಣೀರು ಬಿಡಬೇಕು. ತಣ್ಣೀರಲ್ಲಿ ಜಿಡ್ಡು ಗಟ್ಟಿಯಾಗೇ ಇರತ್ತೆ, ಚೂರಾಗಿ ಹೊರಟುಹೋಗತ್ತೆ. ಮೊದಲು ನಲ್ಲಿ, ಆಮೇಲೆ ಸ್ವಿಚ್ಚು. ಅರೆದು ಮುಗಿದು ಸದ್ದು ಹಗುರಾದ್ಮೇಲೂ ಸ್ವಲ್ಪ ಹೊತ್ತು ನೀರು ಹರೀಲಿ."

"ನೀರು ದಂಡ ಅಂತ ನಲ್ಲಿ ತಿರುವಿಬಿಡ್ತಾನೆ ಅವನು" ಎಂದಳು ಅಕ್ಕ. "ಮತ್ತೆ ಅಲ್ಲೇ ನಿಂತು, ಯಾಕೆ ನಾರತ್ತೆ ಇದು, ಆಸಿಡ್ ಸುರೀರಿ ಅಂತಾನೆ."

"ಆಸಿಡ್ ಸುರಿದ್ರೆ ರಬ್ಬರ್ರು ತಿನ್ನತ್ತೆ, ಮೇಲಕ್ಕೆ ಹಾರಿದ್ರೆ ಕಣ್ಣು ತಿನ್ನತ್ತೆ. ನಾತಕ್ಕೆ ಏನು ಮಾಡ್ಬೇಕು ಅಂತ ನನಗೆ ಗೊತ್ತಿಲ್ಲ ಕಣೇ. ನನ್ನ ಹತ್ತಿರ ಬರೋ ಮೋಟಾರು ಸುಟ್ಟ ವಾಸನೆ ಬಿಟ್ಟು ಬೇರೆ ವಾಸನೆ ತರಲ್ಲ."

ಅದು ಅಕ್ಕನಿಗೆ ಗೊತ್ತಿತ್ತು. ಐಸ್ ತುಂಡು, ಕಲ್ಲುಪ್ಪು ಹಾಕಿ ತಣ್ಣೀರು ಬಿಟ್ಟು ಓಡಿಸಿದರೆ ಒಳಗಿನ ಗೋಡೆಗೆ ಅಂಟಿದ್ದು ಕೆರೆದು ಹೋಗುತ್ತದೆ. ಕೊನೆಗೆ ನಿಂಬೆ ಸಿಪ್ಪೆಯ ಸಣ್ಣ ತುಂಡು. ತೂತಿನ ಬಾಯಿಗೆ ಹೂವಿನ ದಳದ ಹಾಗೆ ಇರುವ ರಬ್ಬರಿನ ಅಡಿಭಾಗದಲ್ಲೇ ಅರ್ಧ ನಾತ ಕೂತಿರುತ್ತದೆ. ಪ್ಲಗ್ಗು ಕಿತ್ತಿದ್ದಾಗ ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಆ ರಬ್ಬರನ್ನು ಮಾತ್ರ ಕಿತ್ತು ಎಸೆಯಬಾರದು, ಒಳಗಿನದು ಮುಖಕ್ಕೆ ಹಾರದ ಹಾಗೆ ತಡೆಯುವುದು ಅದೇ.

"ಇಷ್ಟೆಲ್ಲ ಮಾಡಿದ್ರೂ ಕಚ್ಕೊಂಡ್ರೆ?" ತಂಗಿ ಕೇಳಿದಳು.

ಮೂವರೂ ಅವಳನ್ನು ನೋಡಿದರು. ಅತ್ತೆ ಎದುರಿಗೆ ಬಂದು ಕೂತಳು.

"ಕೈ ಒರೆಸ್ಕೋ. ಒದ್ದೆ ಕೈಯಲ್ಲಿ ಪ್ಲಗ್ಗು ಮುಟ್ಬೇಡ. ಸ್ವಿಚ್ ಆರಿಸು, ಪ್ಲಗ್ಗು ಕೀಳು. ಕಿತ್ತ ಪ್ಲಗ್ಗು ನಿನ್ನ ಕಣ್ಣೆದುರಿಗೇ ಇರಲಿ. ಟಾರ್ಚ್ ಹಾಕಿ ನೋಡು. ಮಿಷಿನ್ನಿನ ತಳದಲ್ಲಿ ನಡುಮಧ್ಯೆ ಒಂದು ಸಣ್ಣ ತೂತು ಇರತ್ತೆ, ಅದಕ್ಕೆ ಅಂತ ಒಂದು ಸೊಟ್ಟ ಕೀಲಿ ಕೊಟ್ಟಿರ್ತಾರೆ. ಅದನ್ನ ಹಾಕಿ ಹಿಂದಕ್ಕೂ ಮುಂದಕ್ಕೂ ಆಡಿಸಿದ್ರೆ ಸಿಕ್ಕಿಕೊಂಡಿದ್ದು ಸಡಿಲಾಗತ್ತೆ. ಇಕ್ಕಳದಲ್ಲಿ ಎತ್ತು. ಮೋಟಾರು ತಣ್ಣಗಾಗೋವರೆಗೆ ಕಾಯಿ. ಆಮೇಲೆ ಗುಂಡಿ, ಆಮೇಲೆ ಪ್ಲಗ್ಗು, ನಲ್ಲಿ, ಸ್ವಿಚ್ಚು. ಮತ್ತೆ ಮತ್ತೆ ನಿಂತ್ರೆ ರಿಪೇರಿಯೋರನ್ನ ಕರೆಸಿ. ಕೈ ಮಾತ್ರ..."

"ಯಾವಾಗ್ಲೂ ಇಲ್ಲ" ಎಂದಳು ತಂಗಿ.

"ಪ್ಲಗ್ಗು ಕಿತ್ತಿದ್ರೂ ಇಲ್ಲ."

ಅಕ್ಕ ಎದ್ದು ಹೋಗಿ ಹಳೆಯ ಪೊರಕೆಯ ಮರದ ಹಿಡಿ ತಂದಳು. ಅದನ್ನು ಎಡಗೈಯಲ್ಲೇ ಗರಗಸ ಹಿಡಿದು ಕತ್ತರಿಸಿ, ತುದಿ ಉಜ್ಜಿ ನಯ ಮಾಡಿದ್ದಳು. "ಕೀಲಿ ಸಿಗದೆ ಇದ್ರೆ ಮೇಲಿಂದ ಇದರಲ್ಲಿ ತಟ್ಟೇನ ತಳ್ಳು" ಎಂದಳು. "ಇದು ಮುರಿದ್ರೆ ಇನ್ನೊಂದು ಕೊಡ್ತೀನಿ."

ಅಮ್ಮ ರಾತ್ರಿಯ ಊಟಕ್ಕೆ ತಂಗಿಯ ತಟ್ಟೆಗೆ ತನ್ನ ಪಾಲನ್ನೂ ಹಾಕಿದಳು.

ಸೋಮವಾರ ತಂಗಿ ಎಲ್ಲರಿಗಿಂತ ಮುಂಚೆ ನೆಲಮಾಳಿಗೆಗೆ ಇಳಿದಳು. ಸಿಂಕಿನ ಕೆಳಗೆ ಮಂಡಿಯೂರಿ, ಸೋಪುಪುಡಿಯ ದೊಡ್ಡ ಡ್ರಮ್ಮನ್ನು ಸರಿಸಿದಳು. ಅದರ ಹಿಂದೆ, ಜೇಡರ ಬಲೆ ಮತ್ತು ಜಿಡ್ಡಿನ ಅಡಿಯಲ್ಲಿ, ಪ್ಲಗ್ಗು ಇತ್ತು. ಇಷ್ಟು ವರ್ಷವೂ ಅಲ್ಲೇ ಇತ್ತು. ಅಕ್ಕ ನಿಲ್ಲುತ್ತಿದ್ದ ಜಾಗದಿಂದ ಒಂದು ಮೊಳ ದೂರ.

ಅವಳು ಅದನ್ನು ಕಿತ್ತು, ಒಣಬಟ್ಟೆಯಿಂದ ಒರೆಸಿದಳು. ರಬ್ಬರು ಎತ್ತಿ ಉಜ್ಜಿ, ಪ್ಲಗ್ಗನ್ನು ಮತ್ತೆ ಚುಚ್ಚಿದಳು. ಎಂಜಲು ಕೆರೆದು ಹಾಕಲು ಸಿಂಕಿನ ಪಕ್ಕದಲ್ಲಿ ಒಂದು ಬಕೆಟ್ ಇಟ್ಟಳು.

"ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ" ಎಂದಳು ಜೊತೆಗೆ ತೊಳೆಯುವ ಹಿರಿಯ ಹೆಂಗಸು. ಎಲ್ಲದಕ್ಕೂ ಗೊಣಗುವ ಅವಳಿಗೆ ಗೊಣಗಮ್ಮ ಎಂದೇ ಹೆಸರು. "ನಾಲ್ಕು ದಿನ ಕಳೀಲಿ, ನೀನೂ ನಮ್ಮ ಹಾಗೇ ಆಗ್ತೀಯ."

"ನಿಮ್ಮ ಹಾಗೆ ಆಗೋಕೆ ಹತ್ತು ಬೆರಳು ಬೇಕಲ್ಲ ದೊಡ್ಡಮ್ಮ. ಉಳಿಸ್ಕೊಳ್ತಿದ್ದೀನಿ."

ಗೊಣಗಮ್ಮ ಗೊಣಗುತ್ತಲೇ ಮೂಳೆಗಳನ್ನು ಬಕೆಟ್ಟಿಗೆ ಕೆರೆದಳು. ನಲ್ಲಿ, ಒಂದು ಬಡಿತ, ಸ್ವಲ್ಪ ಸ್ವಲ್ಪವೇ ಎಂಜಲು, ಎರಡು ಬಡಿತ. ಬೆಳಗಿನ ತಿಂಡಿಯ ತಟ್ಟೆಗಳು ಮುಗಿದವು. ಹೊಟ್ಟೆಬಾಕ ಒಮ್ಮೆಯೂ ಗೊರಗುಟ್ಟಲಿಲ್ಲ. "ನಾತವೂ ಕಮ್ಮಿ" ಎಂದು ಗೊಣಗಮ್ಮ ದೂರು ಹೇಳುವ ದನಿಯಲ್ಲೇ ಹೇಳಿದಳು.

ಮಧ್ಯಾಹ್ನದ ಊಟದ ಹೊತ್ತಿಗೆ ತಟ್ಟೆಗಳು ಬೆಟ್ಟವಾದವು. ಬೇಗಬೇಗ ಬಂದ. ಬಕೆಟ್ ನೋಡಿದ.

"ಇದೇನಿದು ನಾಟಕ? ಮಿಷಿನ್ ಇರೋದು ಯಾಕೆ? ಬೇಗ, ಬೇಗ!" ಎನ್ನುತ್ತ ಒಂದು ಇಡೀ ಟ್ರೇಯನ್ನು ತಾನೇ ಎತ್ತಿ ಸಿಂಕಿಗೆ ಸುರಿದು, ಓಡುತ್ತಿದ್ದ ಯಂತ್ರದ ತೂತಿಗೆ ತಳ್ಳಿದ. ಅನ್ನ, ಮೂಳೆ, ಕೈ ಒರೆಸಿದ ಕಾಗದ, ಜೊತೆಗೆ ಟಣ್ ಎಂದ ಏನೋ ಒಂದು. ಯಂತ್ರ ಹಲ್ಲು ಕಡಿದಂತೆ ಸದ್ದು ಮಾಡಿತು. ಗುರ್ ಎಂದಿತು. ನಿಂತಿತು.

ತಂಗಿ ಎರಡು ಸಲ ಬಡಿದಳು. "ನಿಂತಿದೆಯಲ್ಲಾ!" ಎಂದು ಗೋಡೆಯ ಆಚೆಯಿಂದ ಕೂಗು ಬಂತು.

ಅವಳು ಕೈ ಒರೆಸಿಕೊಂಡಳು. ಬಗ್ಗಿ ಪ್ಲಗ್ಗು ಕಿತ್ತಳು. ಟಾರ್ಚ್ ಹಾಕಿ ನೋಡಿದಳು. ಬಾಟಲಿಯ ಒಂದು ತಗಡಿನ ಮುಚ್ಚಳ ತಟ್ಟೆಗೂ ಗೋಡೆಗೂ ನಡುವೆ ಹಲ್ಲಿನ ಹಾಗೆ ನಾಟಿಕೊಂಡಿತ್ತು. ಅಕ್ಕ ಕೊಟ್ಟ ಕೋಲಿನಿಂದ ತಟ್ಟೆಯನ್ನು ತಳ್ಳಿದಳು. ಅಲುಗಲಿಲ್ಲ.

"ಮುಚ್ಚಳ ಸಿಕ್ಕಿಕೊಂಡಿದೆ ಸಾರ್. ಇದಕ್ಕೆ ಒಂದು ಸೊಟ್ಟ ಕೀಲಿ ಇರತ್ತೆ. ಎಲ್ಲಿದೆ?"

"ನನ್ನ ಮೇಜಿನ ಡ್ರಾಯರಲ್ಲಿ ಎಲ್ಲೋ ಬಿದ್ದಿದೆ. ಪೊಟ್ಟಣವೇ ಬಿಚ್ಚಿಲ್ಲ. ಯಾಕೆ?"

"ತನ್ನಿ."

ಅವನಿಗೆ ಕೇಳಿದ್ದು ನಂಬಲಾಗಲಿಲ್ಲ. "ನನ್ನನ್ನ ಕೆಲಸಕ್ಕೆ ಕಳಿಸ್ತೀಯಾ? ಮೇಲೆ ಜನ ತಟ್ಟೆ ಇಲ್ಲದೆ ನಿಂತಿದ್ದಾರೆ. ಒಂದು ಮುಚ್ಚಳ ತೆಗೆಯೋಕೆ ಕೀಲಿ ಬೇಕಂತೆ! ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕಾಗೇ ಇದೆ ಸಾರ್. ನಮ್ಮ ಅಕ್ಕ ಅಲ್ಲೇ ಬಿದ್ದಿದ್ದು."

ಕಥೆಯನ್ನು ಇಲ್ಲಿ ಒಂದು ಗಳಿಗೆ ತಡೆಯುತ್ತೇನೆ. ಈ ಹಾಳೆಯನ್ನು ಓದುತ್ತಿರುವವರೇ, ದುಡಿಯುವವರ ಸಂಘದ ಸಭೆಯಲ್ಲಿ ಚಾಪೆಯ ಮೇಲೆ ಕೂತು ಕೇಳುತ್ತಿರುವವರೇ, ಇದು ನಿಮಗೆ ಹೇಳುತ್ತಿರುವುದು. ನಿಮ್ಮ ಮನೆಯ ಸಿಂಕಿನ ಕೆಳಗೆ ಇಂಥ ಯಂತ್ರ ಇದ್ದರೆ, ನೀವು ದುಡಿಯುವ ಮನೆಯಲ್ಲೋ ಹೋಟೆಲಿನಲ್ಲೋ ಇದ್ದರೆ, ಇವತ್ತೇ ಬಗ್ಗಿ ನೋಡಿ, ಅದರ ಪ್ಲಗ್ಗು ಎಲ್ಲಿದೆ ಎಂದು. ತಣ್ಣೀರು ಬಿಡಿ. ಸ್ವಲ್ಪ ಸ್ವಲ್ಪವೇ ಹಾಕಿ. ಎಣ್ಣೆ, ಮೂಳೆ, ನಾರು, ಅನ್ನದ ರಾಶಿಯನ್ನು ಬುಟ್ಟಿಗೆ ಹಾಕಿ. ಕಚ್ಚಿಕೊಂಡರೆ ಪ್ಲಗ್ಗು ಕಿತ್ತು ಕೀಲಿಯಿಂದ ಸಡಿಲಿಸಿ, ಇಕ್ಕಳದಿಂದ ಎತ್ತಿ. ಸದ್ದು ನಿಂತಿತು ಎಂದು ನಂಬಬೇಡಿ. ಸ್ವಿಚ್ಚು ನಿಮ್ಮಿಂದ ದೂರವಿದ್ದರೆ, ಹತ್ತಿರಕ್ಕೆ ತರಿಸಿ ಎಂದು ಕೇಳಿ, ಒಬ್ಬರೇ ಕೇಳಬೇಡಿ, ಎಲ್ಲರೂ ಒಟ್ಟಿಗೆ ಕೇಳಿ. ಅದು ಕೆಲಸ ಕೊಟ್ಟವರು ಮಾಡುವ ಉಪಕಾರವಲ್ಲ. ಇನ್ನು, ಕೈ ಹಾಕು ಎಂದು ಬೇರೆಯವರಿಗೆ ಹೇಳುವ ಜಾಗದಲ್ಲಿ ನೀವು ಇದ್ದರೆ, ಹೇಳುವ ಮೊದಲು ನಿಮ್ಮ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಪೂರ್ತಿ ಇದೆಯಲ್ಲವೇ? ಅದು ಯಾರ ಜಾಗರೂಕತೆಯಿಂದ ಉಳಿದಿದೆ?

ಈಗ ಸಿಂಕಿನ ಹತ್ತಿರ ಹೋಗೋಣ.

ಬೇಗಬೇಗ ಗೋಡೆಯ ಬೋರ್ಡಿನ ಕಡೆ ಬೆರಳು ತೋರಿಸಿದ. "ಓದೋಕೆ ಬರತ್ತಾ? ನಿಮ್ಮಕ್ಕನಿಗೆ ಬರ್ತಿರಲಿಲ್ಲ ಅನ್ಸತ್ತೆ. ಆ ಮನೆಗೆ ಉಪಕಾರ ಮಾಡೋಣ ಅಂತ ಕರೆಸಿದ್ದು ನಾನು. ನಾಳೆ ಬೇರೆ ಯಾರನ್ನಾದ್ರೂ ಕರೆಸೋಕೆ ನನಗೆ ಎಷ್ಟು ಹೊತ್ತು? ಪ್ಲಗ್ ಚುಚ್ಚು. ನಾನು ಗುಂಡಿ ಹತ್ತಿರ ಇರ್ತೀನಿ. ನಿಂತಿದೆ, ಕೈ ಹಾಕಿ ತೆಗಿ. ಬೇಗ."

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗೊಣಗಮ್ಮ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಸೋಪಿನ ಕೈಯನ್ನು ಒರೆಸಿಕೊಳ್ಳುತ್ತ ಬಂದು ತಂಗಿಯ ಪಕ್ಕದಲ್ಲಿ ನಿಂತಳು. ಈ ಸಲ ಏನೂ ಗೊಣಗಲಿಲ್ಲ. ಗೋಡೆಯ ಆಚೆ ಟಕ್ ಎಂದು ಸ್ವಿಚ್ ಆರಿದ ಸದ್ದಾಯಿತು. ಬಡಿಸುವ ಸೌಟು ಹಿಡಿದೇ ಕೌಂಟರಿನವನು ಮೊದಲ ಸಲ ಗೋಡೆ ದಾಟಿ ಈಚೆ ಬಂದು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಕೊನೇ ಸಲ ಹೇಳ್ತಿದ್ದೀನಿ" ಎಂದ ಬೇಗಬೇಗ. "ಪ್ಲಗ್ಗು ಈ ಕಡೆ ಕೊಡು. ಕೈ ಹಾಕು."

ತಂಗಿ ಬಲಗೈ ಎತ್ತಿ, ಐದು ಬೆರಳನ್ನೂ ಅಗಲವಾಗಿ ಬಿಡಿಸಿ ಅವನ ಮುಖದ ಮುಂದೆ ಹಿಡಿದಳು. ಆಮೇಲೆ ಆ ಬೆರಳುಗಳನ್ನು ಒಂದೊಂದಾಗಿ, ಎಡಗೈಯಲ್ಲಿ ಹಿಡಿದಿದ್ದ ಪ್ಲಗ್ಗಿನ ಸುತ್ತ ಮಡಚಿದಳು.

"ಈ ಕೈ ನಮ್ಮ ಮನೇದು" ಎಂದಳು. "ಹಾಕಲ್ಲ."